ಮಡ್ಡಿ ಮತ್ತು ಬ್ರೆಡ್ಡು



ಕೆಲವು ವಾರಗಳಿಂದ ಈ ಪುಟದಲ್ಲಿ ನಾನು ಏನನ್ನೂ ಬರೆದಿರಲಿಲ್ಲ. "ಮಾಷ್ಟ್ರಿಗೆ ಹುಷಾರಿಲ್ಲವೇ?" ಎಂದು ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ದೂರವಾಣಿಯಲ್ಲಿ ವಿಚಾರಿಸಿದ್ದೂ ಉಂಟು. ನಿಮ್ಮೆಲ್ಲರ ಪ್ರೀತಿಯಿಂದ ಆರೋಗ್ಯ ಚೆನ್ನಾಗಿಯೇ ಇದೆ. ಬರೆಯಲೇಬೇಕಾದ ಒಂದು ಸಂಗತಿ ಮನಸ್ಸಿನಲ್ಲಿತ್ತು. ಅದನ್ನು ಬರೆಯದೆ ಬೇರೆ ಏನನ್ನು ಬರೆಯಲು ಕುಳಿತರೂ ಲೇಖನಿ ಮುಂದೆ ಹೋಗುತ್ತಿರಲಿಲ್ಲ. ಈ ಬರಹ ಮೇಲುನೋಟಕ್ಕೆ ಬ್ರೆಡ್ಡು ಮಾಡುವುದರ ಕುರಿತಾದದ್ದು. ಆದರೆ 1979ರಲ್ಲಿ ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ಇದ್ದವರು ಇದನ್ನು ಕೊನೆಯವರೆಗೆ ಓದಬೇಕೆಂದು ನನ್ನ ವಿನಂತಿ.

2023ರ ಸೆಪ್ಟೆಂಬರ್ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಅಮೆರಿಕದ ಆರೆಗಾನ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಪೋರ್ಟ್‌ಲೆಂಡ್ ನಗರದ ಹೊರವಲಯದಲ್ಲಿ ಅವರ ಮನೆ. ನಮ್ಮ ಕರಾವಳಿಯಂತೆಯೇ ಅಲ್ಲಿಯೂ ಮಳೆ ಹೆಚ್ಚು. ಆದರೆ ಅಲ್ಲಿಯದು ಧೋ ಎಂದು ಸುರಿಯುವ ಮಳೆಯಲ್ಲ, ದಿನವಿಡೀ ಜಿನುಗುವ ತಣ್ಣನೆಯ ಮಳೆ. ಮನೆಯನ್ನೆಲ್ಲ ತೋರಿಸಿದ ಮಗಳು ಗ್ಯಾರೇಜಿನ ಬಾಗಿಲಿನ ಮುಂದೆ ಮಾತ್ರ ನಿಲ್ಲಲಿಲ್ಲ. "ಅಲ್ಲೇನಿದೆ?" ಎಂದು ಕೇಳಿದ್ದಕ್ಕೆ, "ಹಳೆಯ ಸಾಮಾನು ಅಪ್ಪ, ಬರೀ ಧೂಳು" ಎಂದಳು.

ಮೊಮ್ಮಗಳಿಗೆ ಆಗ ಏಳು ವರ್ಷ. ಆ ವಯಸ್ಸಿನ ಮಕ್ಕಳಿಂದ ಗುಟ್ಟನ್ನು ಕಾಪಾಡಿಸುವುದು ಯಾರಿಂದಲೂ ಆಗದ ಕೆಲಸ. ನಾವು ಹೋದ ಐದನೆಯ ದಿನ ಅವಳು ನನ್ನ ಕಿವಿಯ ಬಳಿ ಬಂದು, "ಅಜ್ಜ, ಗ್ಯಾರೇಜಲ್ಲಿ ಅಪ್ಪನ ಬಕೆಟ್ ಗುಳುಗುಳು ಅಂತ ಮಾತಾಡುತ್ತೆ, ಕೇಳ್ತೀಯಾ?" ಎಂದಳು. ಹೋಗಿ ನೋಡಿದೆ. ಮುಚ್ಚಳ ಹಾಕಿದ ದೊಡ್ಡ ಬಿಳಿಯ ಬಕೆಟ್ಟು, ಮುಚ್ಚಳದ ಮೇಲೆ ನೀರು ತುಂಬಿದ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ. ಕೆಲವು ಕ್ಷಣಗಳಿಗೊಮ್ಮೆ ಅದರಿಂದ ಗುಳು ಗುಳು ಎಂದು ಗುಳ್ಳೆ ಹೊರಬರುತ್ತಿತ್ತು. ಮೂವತ್ತನಾಲ್ಕು ವರ್ಷ ವಿಜ್ಞಾನ ಬೋಧಿಸಿದವನಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಅಳಿಯಂದಿರು ಮನೆಯಲ್ಲಿ ಬಿಯರ್ ತಯಾರಿಸುತ್ತಿದ್ದರು!

ನನ್ನ ಬಂಧುಗಳಿಗೆಲ್ಲ ಗೊತ್ತಿರುವಂತೆ, ಮದ್ಯದ ವಿಷಯದಲ್ಲಿ ನಾನು ಮೊದಲಿನಿಂದಲೂ ಕಠಿಣ. ನನ್ನ ಸೋದರಮಾವ ಕುಡಿತಕ್ಕೆ ಬಿದ್ದು ಜಮೀನು ಕಳೆದುಕೊಂಡದ್ದನ್ನೂ, ಅತ್ತೆ ಕಿವಿಯ ಓಲೆಯನ್ನು ಅಡವಿಟ್ಟದ್ದನ್ನೂ ಹುಡುಗನಾಗಿದ್ದಾಗಲೇ ಕಂಡವನು ನಾನು. 2007ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಮನೆಯಲ್ಲಿ ಪಾಯಸ ಮಾಡಿಸಿದ್ದೆ. ಹೀಗಿರುವಾಗ ಸ್ವಂತ ಅಳಿಯಂದಿರ ಗ್ಯಾರೇಜಿನಲ್ಲಿ ಇದನ್ನು ಕಂಡು ಎರಡು ದಿನ ನಾನು ಅವರೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ ಅವರೇ ಬಂದು ಎದುರಿಗೆ ಕುಳಿತರು.

"ಮಾವ, ಮುಚ್ಚಿಟ್ಟಿದ್ದು ತಪ್ಪು. ತಿಂಗಳಿಗೆ ಒಂದು ಸಲ ಮಾಡ್ತೀನಿ. ನಾನು ಕುಡಿಯೋದಕ್ಕಿಂತ ಸ್ನೇಹಿತರಿಗೆ ಹಂಚೋದೇ ಜಾಸ್ತಿ. ಇಲ್ಲಿ ಇದು ಕಾನೂನಿಗೆ ವಿರೋಧವೂ ಅಲ್ಲ" ಎಂದರು.

ಅದು ನಿಜ. 1920ರಿಂದ 1933ರವರೆಗೆ ಇಡೀ ಅಮೆರಿಕದಲ್ಲಿ ಪಾನನಿಷೇಧವಿತ್ತು. ಅದು ರದ್ದಾದ ಮೇಲೆಯೂ ಮನೆಯಲ್ಲಿ ಬಿಯರ್ ತಯಾರಿಸುವುದು ಕೇಂದ್ರ ಸರಕಾರದ ಕಾನೂನಿನ ಪ್ರಕಾರ ಅಪರಾಧವಾಗಿಯೇ ಉಳಿದಿತ್ತು. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಮಾಡಿದ ಒಂದು ಮಸೂದೆಯಿಂದ ಅದಕ್ಕೆ ಅನುಮತಿ ದೊರೆಯಿತು. ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ಎಂಬುದು ಮಿತಿ. 1979ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂದಿತು. ಈ ದಿನಾಂಕವನ್ನು ದಯವಿಟ್ಟು ನೆನಪಿನಲ್ಲಿಡಿ.

ಮುಂದಿನ ಶನಿವಾರ ಅಳಿಯಂದಿರು ಹೊಸದಾಗಿ ತಯಾರಿಸುವವರಿದ್ದರು. "ಕುಡಿಯೋದು ಬೇಡ ಮಾವ, ವಿಜ್ಞಾನದ ಮೇಷ್ಟ್ರಾಗಿ ನೋಡಿ ಸಾಕು" ಎಂದರು. ಆ ಮಾತಿಗೆ ನಾನು ಸೋತೆ. ಮಳೆಯ ದಿನ ಬೇರೆ ಕೆಲಸವೂ ಇರಲಿಲ್ಲ.

ನೋಡಿದ್ದನ್ನು ಹೇಳುತ್ತೇನೆ. ಮೊದಲಿಗೆ ಬಾರ್ಲಿ. ಅದನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಮಾರುತ್ತಾರೆ. ಇದನ್ನೇ ಅವರು ಮಾಲ್ಟ್ ಎನ್ನುವುದು. ನಮ್ಮ ಮನೆಗಳಲ್ಲಿ ಮಗುವಿನ ಮಣ್ಣಿಗೆಂದು ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸುವುದಿಲ್ಲವೇ, ಅದೇ ಕ್ರಮ. ಕಾಳು ಮೊಳಕೆಯೊಡೆಯುವಾಗ ಅದರೊಳಗೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಸಿದ್ಧವಾಗುತ್ತವೆ. ಸುಮಾರು ನಾಲ್ಕೂವರೆ ಕಿಲೋ ಮಾಲ್ಟನ್ನು ತರಿತರಿಯಾಗಿ ಒಡೆದು, 65ರಿಂದ 68 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ ನೀರಿನಲ್ಲಿ ಒಂದು ಗಂಟೆ ಮುಚ್ಚಿಟ್ಟರು. ಬಿಸಿ ಅದಕ್ಕಿಂತ ತೀರ ಹೆಚ್ಚಾದರೆ ಕಿಣ್ವಗಳು ಕೆಲಸ ಮಾಡದಂತಾಗುತ್ತವೆ. ಗಂಟೆಯ ನಂತರ ಮುಚ್ಚಳ ತೆಗೆದಾಗ ಬಂದದ್ದು ಹೆಂಡದ ವಾಸನೆಯಲ್ಲ, ನಮ್ಮ ಆಲೆಮನೆಯಂಥ ಸಿಹಿ ಘಮ. ಆ ಸಿಹಿ ನೀರನ್ನು ಬಸಿದು, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವನ್ನು ಸೇರಿಸಿ ಒಂದು ಗಂಟೆ ಕುದಿಸಿದರು. ಆಮೇಲೆ ತಣಿಸಿ, ಯೀಸ್ಟ್ ಬೆರೆಸಿ, ಬಕೆಟ್ಟಿಗೆ ತುಂಬಿ ಮುಚ್ಚಿದರು. ಎಲ್ಲ ಸೇರಿ ಸುಮಾರು 19 ಲೀಟರ್. ಎರಡು ವಾರ ಕಳೆದ ಮೇಲೆ ಬಾಟಲಿಗೆ ತುಂಬುವುದು.

ಇಷ್ಟೆಲ್ಲ ಆದ ಮೇಲೆ ಎರಡು ವಸ್ತುಗಳು ಉಳಿಯುತ್ತವೆ. ಒಂದು, ಸಿಹಿಯನ್ನು ಬಿಟ್ಟುಕೊಟ್ಟ ಬಾರ್ಲಿಯ ಚರಟ. ಒಣಗಿದ್ದಾಗ ನಾಲ್ಕೂವರೆ ಕಿಲೋ ಇದ್ದದ್ದು ನೀರು ಹೀರಿ ಎತ್ತಲಾರದಷ್ಟು ಭಾರವಾಗಿತ್ತು. ಇನ್ನೊಂದು, ಹುದುಗುವಿಕೆ ಮುಗಿದ ಬಕೆಟ್ಟಿನ ತಳದಲ್ಲಿ ಕೂರುವ ಕೆನೆಬಣ್ಣದ ದಪ್ಪ ಮಡ್ಡಿ. ಅದು ಬಹುಪಾಲು ಯೀಸ್ಟೇ. ಹಾಕಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿ, ಕೆಲಸ ಮುಗಿಸಿ ಮಲಗಿರುವ ಯೀಸ್ಟ್. ಅಳಿಯಂದಿರು ಚರಟವನ್ನು ಗೊಬ್ಬರದ ಗುಂಡಿಗೂ ಮಡ್ಡಿಯನ್ನು ಮೋರಿಗೂ ಸುರಿಯಲು ಹೊರಟಾಗ ನನಗೆ ತಡೆಯಲಾಗಲಿಲ್ಲ. ಅನ್ನದ ಅಗುಳನ್ನು ಚೆಲ್ಲಿದರೆ ಅಮ್ಮನಿಂದ ಏಟು ತಿಂದು ಬೆಳೆದವನು ನಾನು. "ಇದರಿಂದ ಏನಾದರೂ ಮಾಡಲಾಗದೇ?" ಎಂದು ಕೇಳಿದೆ. "ಬ್ರೆಡ್ ಮಾಡ್ತಾರೆ ಮಾವ. ನನಗೆ ಪುರುಸೊತ್ತಿಲ್ಲ. ನೀವು ಮಾಡ್ತೀರಾ?" ಎಂದು ನಕ್ಕರು.

ಯೋಚಿಸಿದರೆ ಇದರಲ್ಲಿ ಹೊಸದೇನೂ ಇಲ್ಲ. ಗಾಲ್ ಮತ್ತು ಸ್ಪೇನಿನ ಜನರು ಬಿಯರಿನ ನೊರೆಯನ್ನು ಹಿಟ್ಟಿಗೆ ಬೆರೆಸುತ್ತಾರೆ, ಆದ್ದರಿಂದ ಅವರ ರೊಟ್ಟಿ ಉಳಿದವರದ್ದಕ್ಕಿಂತ ಹಗುರ ಎಂಬುದನ್ನು ರೋಮಿನ ಪ್ಲಿನಿ ಕ್ರಿಸ್ತಶಕ ಒಂದನೆಯ ಶತಮಾನದಲ್ಲೇ ಬರೆದಿದ್ದಾನೆ. ಇಂಗ್ಲೆಂಡಿನ ಬೇಕರಿಯವರು ಶತಮಾನಗಳ ಕಾಲ ಬಿಯರ್ ತಯಾರಕರಿಂದಲೇ ನೊರೆಯನ್ನು ತರುತ್ತಿದ್ದರು. ಅಮೆರಿಕದಲ್ಲಿ ಫ್ಲೈಶ್‌ಮನ್ ಸಹೋದರರು 1868ರಲ್ಲಿ ಸಿನ್ಸಿನಾಟಿಯಲ್ಲಿ ಒತ್ತಿದ ಯೀಸ್ಟನ್ನು ತಯಾರಿಸಿ ಮಾರಲು ಆರಂಭಿಸಿದ ಮೇಲೆ ಅಲ್ಲಿ ಈ ನಂಟು ಕ್ರಮೇಣ ಕಡಿದುಹೋಯಿತು. ಬೇಕರಿಯ ಯೀಸ್ಟ್ ಮತ್ತು ಬಿಯರಿನ ಈ ಬಗೆಯ ಯೀಸ್ಟ್ ಎರಡೂ ಸ್ಯಾಕರೋಮೈಸಿಸ್ ಸೆರೆವಿಸಿಯೇ ಎಂಬ ಒಂದೇ ಜಾತಿಯ ಶಿಲೀಂಧ್ರ. ನಿಮ್ಮಲ್ಲಿ ಅನೇಕರು ಈ ಹೆಸರನ್ನು ಬಾಯಿಪಾಠ ಮಾಡಲಾಗದೆ ನನ್ನಿಂದ ಬೈಗುಳ ತಿಂದಿದ್ದೀರಿ.

ನನ್ನ ಮೊದಲನೆಯ ಬ್ರೆಡ್ಡನ್ನು ಇಟ್ಟಿಗೆಯೆಂದು ಕರೆದರೆ ಇಟ್ಟಿಗೆಗೆ ಅವಮಾನ. ಮಡ್ಡಿಯನ್ನು ಹಾಗೆಯೇ ಹಾಕಿದ್ದರಿಂದ ಹಾಪ್ಸಿನ ಕಹಿ ನಾಲಿಗೆಯಿಂದ ಹೋಗಲಿಲ್ಲ. ಚರಟವನ್ನು ಅತಿಯಾಗಿ ಸುರಿದದ್ದರಿಂದ ಹಿಟ್ಟು ಮೇಲೇಳಲಿಲ್ಲ, ಹಲ್ಲಿನ ಸಂದಿನಲ್ಲೆಲ್ಲ ಬಾರ್ಲಿಯ ಸಿಪ್ಪೆ. ಪತ್ನಿ ಒಂದು ತುಂಡು ಬಾಯಿಗಿಟ್ಟು, "ಹಸುವಿಗೆ ಕೊಡುವುದನ್ನು ಮನುಷ್ಯರಿಗೆ ಕೊಟ್ಟರೆ ಹೀಗೇ" ಎಂದಳು. ಆ ಮಾತಿನಲ್ಲಿ ಸತ್ಯವೂ ಇತ್ತು. ಬಿಯರ್ ಕಾರ್ಖಾನೆಗಳ ಚರಟ ಬಹುಪಾಲು ಹೋಗುವುದು ದನದ ಮೇವಿಗೇ.

ಆಮೇಲೆ ಅಳಿಯಂದಿರು ಮಡ್ಡಿಯನ್ನು ತೊಳೆಯುವ ಕ್ರಮವನ್ನು ಹೇಳಿಕೊಟ್ಟರು. ಕುದಿಸಿ ಆರಿಸಿದ ನೀರನ್ನು ಅದಕ್ಕೆ ಹೊಯ್ದು ಕಲಕಬೇಕು. ಹತ್ತಿಪ್ಪತ್ತು ನಿಮಿಷದಲ್ಲಿ ಹಾಪ್ಸಿನ ಚೂರು ಮೊದಲಾದ ಭಾರದ ಕಸ ತಳಕ್ಕಿಳಿಯುತ್ತದೆ, ಯೀಸ್ಟ್ ಇನ್ನೂ ನೀರಿನಲ್ಲಿ ತೇಲುತ್ತಿರುತ್ತದೆ. ಮೇಲಿನ ಹಾಲಿನಂಥ ನೀರನ್ನು ಬೇರೆ ಜಾಡಿಗೆ ಬಸಿದು ಶೀತಪೆಟ್ಟಿಗೆಯಲ್ಲಿಡಬೇಕು. ಮರುದಿನ ತಳದಲ್ಲಿ ಬೆಳ್ಳಗಿನ ಯೀಸ್ಟ್ ಕೂತಿರುತ್ತದೆ. ಮೇಲಿನ ನೀರನ್ನು ಚೆಲ್ಲಿ ಮತ್ತೆ ಹೀಗೆಯೇ ಮಾಡಬೇಕು. ಎರಡು ಮೂರು ಸಲ ತೊಳೆದರೆ ಕಹಿಯೂ ಬಿಯರಿನ ವಾಸನೆಯೂ ಬಹಳಷ್ಟು ಹೋಗುತ್ತವೆ. "ಜಾಡಿಯ ಮುಚ್ಚಳ ಬಿಗಿ ಮಾಡಬೇಡಿ ಮಾವ. ಒಳಗೆ ಸಿಹಿ ಉಳಿದಿದ್ದರೆ ಗ್ಯಾಸ್ ಆಗಿ ಸಿಡಿಯುತ್ತೆ" ಎಂದು ಎಚ್ಚರಿಸಿದರು.

ಚರಟದ ವಿಷಯದಲ್ಲಿಯೂ ಪಾಠ ಕಲಿತೆ. ಅದು ಒಂದು ದಿನದಲ್ಲೇ ಹುಳಿ ವಾಸನೆ ಹಿಡಿಯುತ್ತದೆ. ಆದ್ದರಿಂದ ಆ ದಿನಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಫ್ರೀಜರಿನಲ್ಲಿಡಬೇಕು, ಇಲ್ಲವೇ ಸಣ್ಣ ಉರಿಯ ಒಲೆಯಲ್ಲಿ ಒಣಗಿಸಿ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಬೇಕು. ಪಿಷ್ಟವೆಲ್ಲ ಸಿಹಿ ನೀರಿನಲ್ಲಿ ಹೋಗಿರುವುದರಿಂದ ಅದರಲ್ಲಿ ಉಳಿದಿರುವುದು ಮುಖ್ಯವಾಗಿ ನಾರು ಮತ್ತು ಪ್ರೋಟೀನು. ನಾರು ಹೆಚ್ಚಾದರೆ ಗೋಧಿಯ ಅಂಟು ಕಡಿದುಹೋಗಿ ಬ್ರೆಡ್ಡು ಉಬ್ಬುವುದಿಲ್ಲ. ಐನೂರು ಗ್ರಾಮ್ ಹಿಟ್ಟಿಗೆ ನೂರರಿಂದ ನೂರೈವತ್ತು ಗ್ರಾಮ್ ಒದ್ದೆ ಚರಟ ಸಾಕು.

ಆ ಅಡುಗೆಮನೆಯ ಚಳಿಯಲ್ಲಿ ಹಿಟ್ಟು ಹುದುಗುವುದೇ ಕಷ್ಟವಾಗಿತ್ತು. ಓವನ್ನಿನ ಒಳಗಿನ ದೀಪವನ್ನು ಮಾತ್ರ ಉರಿಸಿ ಅದರೊಳಗೆ ಪತ್ನಿ ಇಡ್ಲಿಯ ಹಿಟ್ಟನ್ನು ಇಡುತ್ತಿದ್ದಳು. ನಾನೂ ನನ್ನ ಪಾತ್ರೆಯನ್ನು ಪಕ್ಕದಲ್ಲಿ ಇಡಹೋದಾಗ, "ನನ್ನ ಇಡ್ಲಿಯ ಪಕ್ಕ ಆ ಬಿಯರ್ ಮಡ್ಡಿ ಬೇಡ" ಎಂದು ತಡೆದಳು. ಎರಡೂ ಹುದುಗುವಿಕೆಯೇ, ಒಂದರಲ್ಲಿ ಮುಖ್ಯವಾಗಿ ಬ್ಯಾಕ್ಟೀರಿಯಾ, ಇನ್ನೊಂದರಲ್ಲಿ ಯೀಸ್ಟ್, ಎಂದು ನಾನು ಪಾಠ ಶುರುಮಾಡಿದೆ. ಬ್ರೆಡ್ಡಿನಲ್ಲಿ ಹುಟ್ಟುವ ಮದ್ಯಸಾರ ಬೇಯುವಾಗ ಬಹುಪಾಲು ಆವಿಯಾಗಿ ಹೋಗುತ್ತದೆ ಎಂದೂ ಹೇಳಿದೆ. ಪಾಠ ಕೇಳಿ ಬೇಸತ್ತು ಮೇಲಿನ ಅಂತಸ್ತನ್ನು ತಾನಿಟ್ಟುಕೊಂಡು ಕೆಳಗಿನದನ್ನು ನನಗೆ ಬಿಟ್ಟುಕೊಟ್ಟಳು.

ಎರಡನೆಯ ಸಲ ಬ್ರೆಡ್ಡು ಮಾಡುವ ಮೊದಲು, ತೊಳೆದ ಯೀಸ್ಟ್ ಬದುಕಿದೆಯೇ ಎಂದು ಪರೀಕ್ಷಿಸಬೇಕಿತ್ತು. ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಬೆಲ್ಲ, ನಾಲ್ಕು ಚಮಚ ಯೀಸ್ಟ್. ಮೊಮ್ಮಗಳಿಗೆ ಆಟವಾಗಲೆಂದು ಅದನ್ನು ಒಂದು ಗಾಜಿನ ಬಾಟಲಿಗೆ ಹಾಕಿ ಬಾಯಿಗೆ ಕೆಂಪು ಬಲೂನನ್ನು ಸಿಕ್ಕಿಸಿದೆ. ಅವಳು ಮಣೆಯ ಮೇಲೆ ಕುಳಿತು ಕಾದಳು. ಅರ್ಧ ಗಂಟೆಗೆ ನೊರೆ ಕಾಣಿಸಿತು. ಗಂಟೆ ಕಳೆಯುವಾಗ ಜೋತುಬಿದ್ದಿದ್ದ ಬಲೂನು ಮೆಲ್ಲನೆ ತಲೆಯೆತ್ತಿ ನಿಂತಿತು. "ಅಜ್ಜ, ಊದಿದ್ದು ಯಾರು?" ಎಂದು ಅವಳು ಚಪ್ಪಾಳೆ ತಟ್ಟಿದಳು.

ಆಗ ನನಗೆ ಇನ್ನೊಂದು ಬಾಟಲಿ ನೆನಪಾಯಿತು. ಮೊಮ್ಮಗಳಿಗೆ ಉತ್ತರ ಹೇಳಲಾಗದೆ ಕಿಟಕಿಯ ಕಡೆಗೆ ತಿರುಗಿ ನಿಂತೆ.

1979ನೆಯ ಇಸವಿಯ ಜನವರಿ. ಒಂಬತ್ತನೆಯ ತರಗತಿಗೆ ಹುದುಗುವಿಕೆಯ ಪಾಠ. ಸಕ್ಕರೆಯ ದ್ರಾವಣಕ್ಕೆ ಯೀಸ್ಟ್ ಸೇರಿಸಿ, ಬರುವ ಅನಿಲವನ್ನು ಸುಣ್ಣದ ತಿಳಿನೀರಿನಲ್ಲಿ ಹಾಯಿಸಿದರೆ ಅದು ಹಾಲಿನಂತಾಗುತ್ತದೆ ಎಂಬ ಪ್ರಯೋಗ. ನಮ್ಮ ಪ್ರಯೋಗಶಾಲೆಯೆಂದರೆ ಒಂದು ಕಪಾಟು. ಅದರಲ್ಲಿ ಯೀಸ್ಟ್ ಎಲ್ಲಿಂದ ಬರಬೇಕು? ಕಪ್ಪುಹಲಗೆಯ ಮೇಲೆ ಚಿತ್ರ ಬರೆದು, "ಯೀಸ್ಟ್ ಸಿಕ್ಕಿದ್ದರೆ ತೋರಿಸಬಹುದಿತ್ತು, ಏನು ಮಾಡುವುದು" ಎಂದು ಪಾಠ ಮುಗಿಸಿದೆ.

ಮರುದಿನ ಕೊನೆಯ ಬೆಂಚಿನ ಒಬ್ಬ ಹುಡುಗ ಒಂದು ಬಾಟಲಿ ತಂದ. ಅವನ ತಂದೆ ಮೂರ್ತೆದಾರರು, ತೆಂಗಿನ ಮರದಿಂದ ಶೇಂದಿ ಇಳಿಸುವವರು. ಬೆಳಿಗ್ಗೆ ತಂದೆಯ ಜೊತೆ ಹೋಗಿ ಬರುತ್ತಿದ್ದುದರಿಂದ ಅವನು ಶಾಲೆಗೆ ಆಗಾಗ ತಡವಾಗಿ ಬರುತ್ತಿದ್ದ. ಔಷಧದ ಹಳೆಯ ಬಾಟಲಿ, ಬಾಯಿಗೆ ಬಾಳೆಲೆ ಸುತ್ತಿ ಬಿಗಿಯಾಗಿ ತುರುಕಿದ ಬಿರಡೆ. ಅವನು ಅದನ್ನು ನನ್ನ ಮೇಜಿನ ಮೇಲಿಡುವಷ್ಟರಲ್ಲಿ ಬಿರಡೆ ಟಪ್ಪೆಂದು ಹಾರಿತು. ನೊರೆ ಉಕ್ಕಿ ಹಾಜರಿ ಪುಸ್ತಕದ ಮೇಲೆಲ್ಲ ಹರಿಯಿತು. ತರಗತಿ ಗೊಳ್ಳೆಂದು ನಕ್ಕಿತು.

"ಶಾಲೆಗೆ ಶೇಂದಿ ತರುತ್ತೀಯಾ?" ಎಂದು ನಾನು ಗರ್ಜಿಸಿದೆ.

"ಶೇಂದಿ ಅಲ್ಲ ಸರ್, ಮಡ್ಡಿ. ಪ್ರಯೋಗಕ್ಕೆ" ಎಂದ ಅವನು, ಬಹಳ ಸಣ್ಣ ಸ್ವರದಲ್ಲಿ.

"ಮಡ್ಡಿ ತಂದ ಮಡ್ಡ!" ಎಂದೆ. ತರಗತಿ ಮತ್ತೊಮ್ಮೆ ನಕ್ಕಿತು. ನನ್ನ ಮಾತಿನ ಚಾತುರ್ಯಕ್ಕೆ ನಾನೂ ಒಳಗೊಳಗೇ ಮೆಚ್ಚಿಕೊಂಡಿದ್ದೆನೆಂದು ಈಗ ಒಪ್ಪಿಕೊಳ್ಳಬೇಕು. ಬಾಟಲಿಯನ್ನು ಅಂಗಳದ ತೆಂಗಿನ ಬುಡಕ್ಕೆ ಸುರಿಸಿ, ಎರಡು ಪಿರಿಯಡ್ ಅವನನ್ನು ಜಗಲಿಯಲ್ಲಿ ನಿಲ್ಲಿಸಿದೆ. ಅಂದಿನಿಂದ ಶಾಲೆಯಲ್ಲಿ ಅವನಿಗೆ "ಮಡ್ಡಿ" ಎಂದೇ ಹೆಸರಾಯಿತು. ಹತ್ತನೆಯ ತರಗತಿಗೆ ಅವನು ಬರಲಿಲ್ಲ.

ಈಗ ಯೋಚಿಸಿದರೆ, ಪಾಠದಲ್ಲಿ ನಾನು ಕೇಳಿದ್ದನ್ನೇ ಅವನು ತಂದಿದ್ದ. ಶೇಂದಿಯನ್ನು ಹುದುಗಿಸುವುದೂ ಅದೇ ಯೀಸ್ಟ್. ಊರಿನ ಕ್ರೈಸ್ತ ಮನೆಗಳ ಹೆಂಗಸರು ಹಬ್ಬದ ಮುನ್ನಾದಿನ ಅವನ ಮನೆಗೆ ಪಾತ್ರೆ ಹಿಡಿದು ಬಂದು, ಅಕ್ಕಿಯ ಹಿಟ್ಟನ್ನು ಉಬ್ಬಿಸಿ ಸನ್ನಾ ಬೇಯಿಸಲೆಂದು ಶೇಂದಿ ಒಯ್ಯುತ್ತಿದ್ದರು. ಯಾವ ವಸ್ತು ಹಿಟ್ಟನ್ನು ಉಬ್ಬಿಸುತ್ತದೆ ಎಂಬುದು ಆ ತರಗತಿಯಲ್ಲಿ ಕಣ್ಣಾರೆ ಕಂಡು ಗೊತ್ತಿದ್ದದ್ದು ಅವನೊಬ್ಬನಿಗೆ. ನಾನು ಪುಸ್ತಕದಲ್ಲಿ ಓದಿದ್ದೆ, ಅಷ್ಟೆ. ಬಿರಡೆ ಹಾರಿದಾಗ ಪ್ರಯೋಗ ತಾನೇ ನಡೆದುಹೋಗಿತ್ತು. ಸುಣ್ಣದ ತಿಳಿನೀರಿನ ಪ್ರನಾಳವೊಂದನ್ನು ಹತ್ತಿರ ತಂದಿದ್ದರೆ ಸಾಕಿತ್ತು. ಅಮೆರಿಕದಲ್ಲಿ ಜನರು ತಮ್ಮ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅನುಮತಿಸುವ ಕಾನೂನು ಜಾರಿಗೆ ಬರಲು ಆಗ ಕೆಲವೇ ದಿನಗಳು ಬಾಕಿಯಿದ್ದವು. ನನ್ನ ಅಳಿಯಂದಿರ ಜಾಡಿಯ ಮಡ್ಡಿ ಹವ್ಯಾಸವಾಯಿತು, ಅವನ ಬಾಟಲಿಯ ಮಡ್ಡಿ ಅಪರಾಧವಾಯಿತು.

ಸೋದರಮಾವನ ಕುಡಿತವೇ ನನ್ನ ಸಿಟ್ಟಿಗೆ ಕಾರಣವೆಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಅರ್ಧ ಸತ್ಯ. ನಾನು ಹುಟ್ಟಿದ ಮನೆಯ ಆಚಾರವೂ ಆ ಸಿಟ್ಟಿನಲ್ಲಿತ್ತು. ಡಾಕ್ಟರರ ಮಗ ಪೇಟೆಯಿಂದ ಯೀಸ್ಟ್ ಪೊಟ್ಟಣ ತಂದುಕೊಟ್ಟಿದ್ದರೆ ಬೆನ್ನು ತಟ್ಟುತ್ತಿದ್ದೆ.

ಅಂದಿನ ಬ್ರೆಡ್ಡು ಚೆನ್ನಾಗಿ ಬಂತು. ಮೊಮ್ಮಗಳು ಎರಡು ತುಂಡು ತಿಂದಳು. ಪತ್ನಿಯೂ ಮಾತಿಲ್ಲದೆ ತಿಂದಳು. ಗಂಟಲಲ್ಲಿ ಇಳಿಯದೆ ಹೋದದ್ದು ನನಗೆ ಮಾತ್ರ.

ಊರಿಗೆ ಮರಳಿದ ಮೇಲೆ ಅವನನ್ನು ಕಾಣಬೇಕೆಂದುಕೊಂಡೆ. ಆದರೆ ಕಾಣಲು ಬಹಳ ಕಾಲ ಧೈರ್ಯ ಬರಲಿಲ್ಲ. ಕಳೆದ ತಿಂಗಳು ಅವನ ಸಹಪಾಠಿಯೊಬ್ಬರಿಂದ ದೂರವಾಣಿ ಸಂಖ್ಯೆ ಪಡೆದು ಕರೆ ಮಾಡಿದೆ. ಈಗ ಅವನಿಗೆ ಅರುವತ್ತರ ಆಸುಪಾಸು. ಬಹುವಚನದಲ್ಲಿ ಮಾತನಾಡಿಸಿದರೆ, "ಅದೆಲ್ಲ ಬೇಡ ಮಾಷ್ಟ್ರೇ, ನೀನು ಅಂತಲೇ ಹೇಳಿ" ಎಂದ. ಬಾಟಲಿಯ ವಿಷಯ ನೆನಪಿದೆಯೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಅತ್ತಲಿಂದ ಸದ್ದಿರಲಿಲ್ಲ.

"ನೆನಪಿಲ್ಲದೆ ಏನು ಮಾಷ್ಟ್ರೇ. ಅಮ್ಮ ಮೂರು ಸಲ ನೀರು ಹಾಕಿ ತೊಳೆದು ಕೊಟ್ಟದ್ದು ಅದನ್ನು. ಶಾಲೆಗೆ ತಕೊಂಡು ಹೋಗುವುದಲ್ವಾ, ವಾಸನೆ ಬರಬಾರದು ಅಂತ. ದಾರಿಯಲ್ಲಿ ಸಾಯಬಾರದು ಅಂತ ಚೂರು ಬೆಲ್ಲ ಹಾಕಿದ್ರು. ಅದಕ್ಕೇ ಬಿರಡೆ ಹಾರಿದ್ದು."

ನಾನು ಎಪ್ಪತ್ತೈದನೆಯ ವಯಸ್ಸಿನಲ್ಲಿ ಸಮುದ್ರ ದಾಟಿ ಹೋಗಿ ಕಲಿತದ್ದು, ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಗೆ ತಿಳಿದಿತ್ತು. ಆಕೆ ತೀರಿಕೊಂಡು ಹನ್ನೆರಡು ವರ್ಷಗಳಾದವಂತೆ.

"ನನ್ನಿಂದಾಗಿ ನೀನು ಶಾಲೆ ಬಿಟ್ಟೆಯಾ?" ಎಂದು ಕೇಳಿದೆ. ಇಷ್ಟು ವರ್ಷ ನಾನು ನಂಬಿದ್ದು ಅದನ್ನೇ.

"ಇಲ್ಲ ಮಾಷ್ಟ್ರೇ, ಅದಕ್ಕಲ್ಲ. ಆ ಮಳೆಗಾಲದಲ್ಲಿ ಅಪ್ಪ ಮರದಿಂದ ಬಿದ್ರು. ನಾನು ಬೊಂಬಾಯಿಗೆ ಹೋದೆ ಹೋಟೆಲಿಗೆ. ಅಲ್ಲಿ ಕನ್ನಡದ ರಾತ್ರಿಶಾಲೆಯಲ್ಲಿ ಹತ್ತನೆಯದು ಮುಗಿಸಿದೆ." ನನ್ನ ಎದೆ ಹಗುರವಾಗುವಷ್ಟರಲ್ಲಿ ಅವನು ಮಾತು ಮುಂದುವರಿಸಿದ. "ಆದರೆ ಬೇಸರ ಆದದ್ದು ಹೌದು. ಜಗಲಿಯಲ್ಲಿ ನಿಂತದ್ದಕ್ಕಲ್ಲ. ಅಮ್ಮ ಸಂಜೆ ಕೇಳಿದ್ರು, ಮಾಷ್ಟ್ರು ಏನು ಹೇಳಿದ್ರು ಅಂತ. ಪ್ರಯೋಗ ಚೆನ್ನಾಗಿ ಆಯ್ತು, ಎಲ್ಲರೂ ನೋಡಿದ್ರು ಅಂತ ಸುಳ್ಳು ಹೇಳಿದೆ."

ನಾನು ಕ್ಷಮೆ ಕೇಳಿದೆ. "ಆಯ್ತು ಮಾಷ್ಟ್ರೇ, ಎಷ್ಟೋ ಕಾಲ ಆಯ್ತು" ಎಂದ. ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದಾಗ, "ಬರೆಯಿರಿ. ಹೆಸರು ಮಾತ್ರ ಬೇಡ" ಎಂದ. ಆದ್ದರಿಂದ ಹೆಸರು ಬರೆದಿಲ್ಲ. ಬ್ರೆಡ್ಡಿನ ಕತೆ ಹೇಳಿದಾಗ ಮಾತ್ರ ಗಟ್ಟಿಯಾಗಿ ನಕ್ಕುಬಿಟ್ಟ. "ಇಲ್ಲಿ ಬಿಯರ್ ಯಾಕೆ ಮಾಷ್ಟ್ರೇ? ಶೇಂದಿಯ ಮಡ್ಡಿ ನಾನು ತಂದು ಕೊಡ್ತೇನೆ. ಈ ಸಲ ಜಗಲಿಯಲ್ಲಿ ನಿಲ್ಲಿಸಬೇಡಿ" ಎಂದ.

ಕಳೆದ ಭಾನುವಾರ ಅವನು ಬಂದಿದ್ದ. ಬಾಟಲಿಯ ಬಿರಡೆಯನ್ನು ಸಡಿಲವಾಗಿಯೇ ಹಾಕಿಕೊಂಡು ತಂದಿದ್ದ. ನನ್ನ ಪತ್ನಿ ಅವನನ್ನು ನೇರವಾಗಿ ಅಡುಗೆಮನೆಗೇ ಕರೆದೊಯ್ದಳು. ಮೊದಲು ಸುಣ್ಣದ ತಿಳಿನೀರಿನ ಪ್ರಯೋಗ ಮಾಡಿದೆವು. ನಲುವತ್ತಕ್ಕೂ ಹೆಚ್ಚು ವರ್ಷ ತಡವಾಗಿ ನೀರು ಹಾಲಿನಂತಾಯಿತು. ಅವನು ಬಗ್ಗಿ ನೋಡಿ ಏನೂ ಹೇಳಲಿಲ್ಲ. ಆಮೇಲೆ ಹಿಟ್ಟು ಕಲಸಿದೆವು. ಇಲ್ಲಿ ಬಾರ್ಲಿಯ ಚರಟವಿಲ್ಲದ ಕಾರಣ ಮೊಳಕೆ ಕಟ್ಟಿದ ರಾಗಿಯ ಹಿಟ್ಟನ್ನು ಸ್ವಲ್ಪ ಸೇರಿಸಿದೆ.

ಮಾಡಿನೋಡುವವರಿಗಾಗಿ ಅಳತೆ ಇಲ್ಲಿದೆ. ಅರ್ಧ ಕಿಲೋ ಹಿಟ್ಟು (ಮುಕ್ಕಾಲು ಪಾಲು ಮೈದಾ, ಕಾಲು ಪಾಲು ಗೋಧಿ), ನೂರು ಗ್ರಾಮ್ ಚರಟ ಅಥವಾ ಐವತ್ತು ಗ್ರಾಮ್ ರಾಗಿ ಹಿಟ್ಟು, ಅರ್ಧ ಲೋಟ ತೊಳೆದ ಮಡ್ಡಿ, ಒಂದು ಚಮಚ ಬೆಲ್ಲ, ಹತ್ತು ಗ್ರಾಮ್ ಉಪ್ಪು, ಹಿಟ್ಟು ಮೃದುವಾಗುವಷ್ಟು ಬೆಚ್ಚಗಿನ ನೀರು. ಹತ್ತು ನಿಮಿಷ ಚೆನ್ನಾಗಿ ನಾದಬೇಕು. ಈ ಯೀಸ್ಟ್ ಅಂಗಡಿಯದ್ದರಷ್ಟು ಚುರುಕಲ್ಲ; ಹಿಟ್ಟು ಎರಡರಷ್ಟಾಗಲು ನಾಲ್ಕೈದು ಗಂಟೆ ಬೇಕು, ಚಳಿಯಿದ್ದರೆ ಇಡೀ ರಾತ್ರಿ. ಅಚ್ಚಿಗೆ ಹಾಕಿ ಮತ್ತೆ ಉಬ್ಬಲು ಬಿಟ್ಟು, ಸುಮಾರು 220 ಡಿಗ್ರಿಯಲ್ಲಿ ಮೂವತ್ತೈದು ನಲುವತ್ತು ನಿಮಿಷ ಬೇಯಿಸಬೇಕು. ಅವಸರ ಮಾಡಿದರೆ ಇಟ್ಟಿಗೆಯಾಗುತ್ತದೆ.

ಇನ್ನು ನನ್ನ ವಿನಂತಿ. ಆ ತರಗತಿಯವರಲ್ಲಿ ಕೆಲವರು ಇಂದಿಗೂ ಮದುವೆ ಮುಂಜಿಗಳಲ್ಲಿ ಸೇರಿದಾಗ ಅವನನ್ನು "ಮಡ್ಡಿ" ಎಂದೇ ಕರೆಯುವುದನ್ನು ನಾನು ಕೇಳಿದ್ದೇನೆ. ಅದು ನೀವು ಇಟ್ಟ ಹೆಸರಲ್ಲ, ನಾನು ಇಟ್ಟದ್ದು. ಆದ್ದರಿಂದ ಅದನ್ನು ಹಿಂದಕ್ಕೆ ಪಡೆಯುವ ಅಧಿಕಾರವೂ ನನಗಿದೆ ಎಂದು ತಿಳಿದಿದ್ದೇನೆ. ಇನ್ನು ಮುಂದೆ ಅವನನ್ನು ಅವನ ತಂದೆತಾಯಿ ಇಟ್ಟ ಹೆಸರಿನಿಂದ ಕರೆಯಿರಿ. ನಾನು ಕೊಟ್ಟ ಮನೆಕೆಲಸವನ್ನು ನಿಮ್ಮಲ್ಲಿ ಎಷ್ಟು ಜನ ಸರಿಯಾಗಿ ಮಾಡುತ್ತಿದ್ದಿರಿ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಇದೊಂದನ್ನಾದರೂ ತಪ್ಪದೆ ಮಾಡಿ.